ಕಪ್ಪು ಪರದೆಯ ಮೇಲೆ ನನ್ನ ಹೆಸರು

ಆ ಆಟದಲ್ಲಿ ಚಿತ್ರಗಳಿರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಬೂದು ಬಣ್ಣದ ಇಂಗ್ಲಿಷ್ ಸಾಲುಗಳು, ಅಷ್ಟೇ. ನೀನು ಗುಹೆಯೊಳಗಿದ್ದೀ, ಉತ್ತರಕ್ಕೊಂದು ಬಾಗಿಲಿದೆ ಎಂದು ಬರೆದು ತೋರಿಸುವುದು. ನಾವು ಉತ್ತರ ಎಂದು ಬರೆದು ಒತ್ತಿದರೆ ಮುಂದಿನ ಕೋಣೆ. ಬ್ಯಾಡಗಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ದೋಸ್ತನೊಬ್ಬ ತನ್ನ ಎಸ್‌ಟಿಡಿ ಬೂತನ್ನೇ ಇಂಟರ್‌ನೆಟ್ ಅಂಗಡಿ ಮಾಡಿದ್ದ. ಅವನ ಟೆಲಿಫೋನ್ ತಂತಿಯಲ್ಲಿ ಚಿತ್ರದ ಆಟ ಇಳಿಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಈ ಅಕ್ಷರದ ಆಟ ಮಾತ್ರ ಸರಾಗವಾಗಿ ಓಡುತ್ತಿತ್ತು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ನಾನು ಇಂಗ್ಲಿಷ್ ಓದಲು ಕಲಿತದ್ದು ಆ ಗುಹೆಗಳಲ್ಲಿಯೇ.

ನಾನು ಒಳಗೆ ಕಾಲಿಟ್ಟ ಕೂಡಲೇ ದೋಸ್ತ ಕೂಗುತ್ತಿದ್ದ:

"ಮೊದ್ಲ ಕೈ ತೊಳಕೊಂಡ್ ಬಾರಲೇ! ನೀ ಮುಟ್ಟಿದ್ದ ಕೀಬೋರ್ಡ್ ಮುಟ್ಟಿ ಕಣ್ಣ ಒರಸ್ಕೊಂಡ ಗಿರಾಕಿ ಅಳಕೋಂತ ಮನಿಗೆ ಹೋಗ್ಯಾನ."

ನನ್ನ ಕೈಯಲ್ಲಿ ಯಾವಾಗಲೂ ಮೆಣಸಿನಕಾಯಿ ಇರುತ್ತಿತ್ತು. ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ರಾಶಿ ನೋಡುವವನು ನಾನು. ರೈತರ ಚೀಲ ಬಿಚ್ಚಿ ಸುರಿದರೆ, ಇದು ಮೊದಲ ದರ್ಜೆ, ಇದು ಎರಡನೆಯದು ಎಂದು ಹೇಳುವುದು ನನ್ನ ಕೆಲಸ. ಬಣ್ಣ ತೆಗೆಯುವ ಕಾರ್ಖಾನೆಯವರು ದೂರದಿಂದ ಬಂದು ಕೊಳ್ಳುವ ಊರು ಇದು. ಇಲ್ಲಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಕೆಂಪಿಗೆ. ನಾನು ಮುಷ್ಟಿ ತುಂಬ ಕಾಯಿ ಎತ್ತಿ ಹಿಸುಕುತ್ತಿದ್ದೆ. ಸಪ್ಪಳ ಕೇಳುತ್ತಿದ್ದೆ, ಸುಕ್ಕು ಸವರುತ್ತಿದ್ದೆ, ಮುರಿದು ಮೂಸುತ್ತಿದ್ದೆ. ನಾನು ಹೇಳಿದ ಮೇಲೆ ಅಕ್ಕ ಮತ್ತು ಉಳಿದ ಹೆಣ್ಣುಮಕ್ಕಳು ರಾಶಿಗೆ ಕೂತು ಕೆಟ್ಟದ್ದನ್ನು ಆರಿಸುತ್ತಿದ್ದರು. ಅಕ್ಕ ನನ್ನ ಒಡಹುಟ್ಟಿದವಳು. ನಮ್ಮೂರು ಕದರಮಂಡಲಗಿಯಿಂದ ಇಬ್ಬರೂ ಒಂದೇ ಟೆಂಪೋದಲ್ಲಿ ಬರುತ್ತಿದ್ದೆವು. "ಕಣ್ಣಂದ್ರ ಇವಂದ ನೋಡ್ರಿ," ಎಂದು ಅಂಗಡಿಯ ಸಾವ್ಕಾರರು ಖರೀದಿದಾರರ ಮುಂದೆ ನನ್ನನ್ನು ತೋರಿಸುತ್ತಿದ್ದರು. ಯುಗಾದಿಗೆ ರಾಣೆಬೆನ್ನೂರಿನಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅಲ್ಲಿಯ ಖರೀದಿಯೆಲ್ಲ ನನ್ನದೇ ಎಂದು ಹೇಳಿಯೂ ಆಗಿತ್ತು. ಓದಿದವರು ಬಯಸುವ ಕುರ್ಚಿ ನನ್ನ ಕಣ್ಣಿನಿಂದ ಬಂದಿತ್ತು. ನಾನು ಎದೆ ಸೆಟೆಸಿಕೊಂಡು ಓಡಾಡುತ್ತಿದ್ದೆ.

ಬೇರೆ ಬೇರೆ ಊರುಗಳಿಂದ ಅದೇ ಆಟಕ್ಕೆ ಬರುವ ಜನ ಹೆಚ್ಚಾದಂತೆ, ಅವರು ಒಬ್ಬರಿಗೊಬ್ಬರು ಬರೆಯುವ ಮಾತಿನ ಸಾಲುಗಳು ಹೊಳೆಯಂತೆ ಹರಿಯತೊಡಗಿದವು. ಯಾರೋ ನನ್ನನ್ನು ಕರೆದದ್ದು ಕಾಣದೇ ಹೋಗುತ್ತಿತ್ತು. ಆಟ ತೆರೆಯುವ ಸಾಫ್ಟ್‌ವೇರಿನಲ್ಲಿ ನಾವೇ ಅಪ್ಪಣೆ ಬರೆದಿಡಬಹುದೆಂದು ತಿಳಿದು ಒಂದನ್ನು ಬರೆದೆ: ಯಾವ ಸಾಲಿನಲ್ಲಾದರೂ ನನ್ನ ಹೆಸರು ಬಂದರೆ ಆ ಬೂದು ಹೆಸರನ್ನು ತೆಗೆದು, ಬಣ್ಣದ ಹೆಸರನ್ನು ಇಡು. ಯಾವ ಬಣ್ಣ? ಆರು ಬಣ್ಣಗಳ ಪಟ್ಟಿ ಕೊಟ್ಟೆ. ಪ್ರತಿ ಸಲ ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ ಅದರಲ್ಲೊಂದನ್ನು ಆರಿಸು ಎಂದೆ. ಮದುವೆ ಹಂದರದ ಲೈಟಿನ ಸರದಂತೆ ನನ್ನ ಹೆಸರು ಮಿನುಗಬೇಕೆಂಬ ಆಸೆ. ಯಾರೂ ಕಲಿಸದೆ, ತಪ್ಪಿ ತಪ್ಪಿ, ನಾನೇ ಬರೆದೆ.

ಮಿನುಗಿತು. ಆದರೆ ಆಗಾಗ ಹೆಸರಿರಬೇಕಾದ ಕಡೆ ಬರೀ ಕಪ್ಪು. ಪಟ್ಟಿಯಲ್ಲಿಲ್ಲದ ಏಳನೆಯ ಚೀಟಿಯನ್ನು ಎತ್ತುತ್ತಿರಬೇಕು ಎಂದುಕೊಂಡೆ. ಎಣಿಕೆ ತಿದ್ದಿದೆ, ಪಟ್ಟಿ ಅಳಿಸಿ ಮತ್ತೆ ಬರೆದೆ. ದಿನವೂ ಕೂತೆ. ಹೆಸರು ಮಾಯವಾಗುವುದು ನಿಲ್ಲಲಿಲ್ಲ. ಕೊನೆಗೆ ಸೋತು ದೋಸ್ತನನ್ನು ಕರೆದೆ.

"ಎಲ್ಲಿ ಹೋಗೇತಿ? ಇಲ್ಲೇ ಐತೆಲ್ಲೋ ಕೋಡಂಗಿ," ಎಂದ.

"ಎಲ್ಲೈತಿ?"

"ನನ್ನ ಬೆರಳಿನ ಕೆಳಗ. ಕೆಂಪ್ ಬಂದೈತಿ. ನಿಮ್ಮ ಮೆಣಸಿನಕಾಯಿ ಕೆಂಪು!"

"ಚಾಷ್ಟಿ ಮಾಡಬ್ಯಾಡಲೇ."

ಅವನು ನಗುತ್ತ ಒಂದೊಂದೇ ಬಣ್ಣದಲ್ಲಿ ಅಕ್ಷರ ಬರೆದು ಓದಿಸಿದ. ಹಳದಿ ಓದಿದೆ, ನೀಲಿ ಓದಿದೆ. ಕೆಂಪಿನದಕ್ಕೆ ಬಂದಾಗ ಪರದೆಗೆ ಮೂಗು ತಾಗುವಷ್ಟು ಬಗ್ಗಿದೆ. ಅವನ ನಗೆ ನಿಂತಿತು.

"ಖರೇನ ಕಾಣೂದಿಲ್ಲೇನೋ?" ಎಂದು ಮೆಲ್ಲಗೆ ಕೇಳಿದ. ಆಮೇಲೆ ನನಗೆ ಸಮಾಧಾನವಾಗಲೆಂದು, "ಪಟ್ಟಿಯೊಳಗಿಂದ ಕೆಂಪ್ ತಗದ ಬಿಡು, ಮುಗೀತು," ಎಂದ. ತೆಗೆದೆ. ಹೆಸರು ಮತ್ತೆ ಮಾಯವಾಗಲಿಲ್ಲ. ಅಷ್ಟು ಸುಲಭವಾಗಿ ಸರಿಹೋದದ್ದನ್ನು ನೋಡುತ್ತ ಕೂತಾಗ ಅಂಗಡಿಯ ರಾಶಿಗಳು ನೆನಪಾದವು.

ಹಾವೇರಿಗೆ ಹೋಗಿ ಕಣ್ಣಿನ ಡಾಕ್ಟರರಿಗೆ ತೋರಿಸಿದೆ. ಚುಕ್ಕಿಗಳ ಪುಸ್ತಕ ತೆರೆದು ಒಳಗಿನ ಅಂಕಿ ಓದು ಎಂದರು. ನನಗೆ ಚುಕ್ಕಿಗಳಷ್ಟೇ ಕಂಡವು. "ಕೆಂಪು ನಿನ್ನ ಕಣ್ಣಿಗೆ ಕಪ್ಪಾಗಿ ಕಾಣತೈತಿ. ಹುಟ್ಟಿನಿಂದ ಬಂದದ್ದು, ಇದಕ್ಕ ಔಷಧ ಇಲ್ಲಪಾ. ಕಾರು, ಬಸ್ಸು ನಡಸ್ತೀಯೇನು?" ಎಂದು ಕೇಳಿದರು. ಇಲ್ಲ ಎಂದೆ. "ಹಂಗಾರ ಏನ್ ಚಿಂತಿಲ್ಲ," ಎಂದರು. ನಾನೇನು ಮಾಡುತ್ತೇನೆಂದು ಅವರು ಕೇಳಲಿಲ್ಲ.

ಹಾಗಾದರೆ ಇಷ್ಟು ವರ್ಷ ನಾನು ಕಂಡದ್ದೇನು? ಒಣಗಿದ್ದು, ಹಸಿಯದ್ದು ಕೈಗೆ ತಿಳಿಯುತ್ತಿತ್ತು. ಬಿಳಿಚಿದ ಕಾಯಿ ಕಣ್ಣಿಗೂ ತಿಳಿಯುತ್ತಿತ್ತು. ಆದರೆ ಕಪ್ಪು ತಿರುಗಿದ ಕಾಯಿ? ಅದೂ ಕೆಂಪೂ ನನಗೆ ಅಕ್ಕತಂಗಿಯರ ಹಾಗೆ. ಅವು ನನ್ನ ಮೊದಲ ದರ್ಜೆಯ ರಾಶಿಯಲ್ಲಿ ಎಂದೂ ಸಿಕ್ಕಿಬೀಳದಿದ್ದುದು ಹೇಗೆ?

ಮರುದಿನ ರೊಟ್ಟಿ ಉಣ್ಣುವ ಹೊತ್ತಿನಲ್ಲಿ ಅಕ್ಕನನ್ನು ಕೇಳಿದೆ.

"ಅಕ್ಕಾ, ನಿನಗ ಗೊತ್ತಿತ್ತೇನು?"

ಅವಳು ಯಾವುದು ಎಂದು ಕೇಳಲಿಲ್ಲ. ರೊಟ್ಟಿ ಮುರಿಯುತ್ತಲೇ ಹೇಳಿದಳು. "ಸಣ್ಣಾಂವ ಇದ್ದಾಗ ಬಾರಿಗಿಡದಾಗ ಹಣ್ಣ ಬಿಟ್ಟು ಕಾಯಿ ಹರಕೊಂಡ್ ಬರ್ತಿದ್ದಿ. ಅವ್ವ ಬೈತಾಳಂತ ನಾನ ಆರಿಸಿ ನಿನ್ನ ಉಡಿಗೆ ಹಾಕ್ತಿದ್ದೆ."

"ಇಲ್ಲೂ ಅದನ್ನ ಮಾಡಿದ್ಯೇನು?"

"ನೀ ಕೈ ತಗದ ಕೂಡ್ಲೇ, ಯಾರೂ ನೋಡೂದ್ರೊಳಗ ನಾ ಕೈ ಹಾಕಿ ಕಪ್ಪ ಕಾಯಿ ತಗೀತಿದ್ದೆ. ಅದರಾಗೇನೈತಿ?"

"ಹೇಳಬೇಕಿತ್ತಿಲ್ಲೋ ನನಗ?"

"ಏನಂತ ಹೇಳ್ಲಿ ತಮ್ಮಾ? ರಾಶಿ ಮುಂದ ನಿಂತಾಗ ನಿನ್ನ ಮಾರಿ ಎಷ್ಟ್ ಲಕ್ಷಣ ಕಾಣತಿತ್ತು." ನೀರು ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, "ರಾಣೆಬೆನ್ನೂರಿಗೂ ನಾನ ಬರ್ತೀನಿ ಬಿಡು," ಎಂದಳು.

ಆ ಒಂದು ಮಾತನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಕೈ ತೊಳೆದವನೇ ನೇರ ಸಾವ್ಕಾರರ ಗಾದಿಯ ಮುಂದೆ ನಿಂತೆ.

"ರಾಣೆಬೆನ್ನೂರಿಗೆ ನಾ ಹೋಗೂದಿಲ್ರಿ. ರಾಶಿ ನೋಡೂದೂ ಬ್ಯಾಡ್ರಿ ನನಗ. ಕಾಟಾದ ಮ್ಯಾಲ ಹಾಕ್ರಿ, ಚೀಲ ತೂಗತೀನಿ."

"ಯಾಕೋ, ತಲಿ ಗಿಲಿ ಕೆಟ್ಟೈತೇನು? ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ರಿ. ಮನಸಿಲ್ರಿ."

"ಸಾಲಿ ಕಲೀದಾಂವಗ ಇಷ್ಟ ಸೊಕ್ಕ ಇರಬಾರ್ದು ನೋಡು," ಎಂದರು. ನಾನು ತಲೆ ತಗ್ಗಿಸಲಿಲ್ಲ. ಸೊಕ್ಕಿನವನು ಎಂದು ಊರೆಲ್ಲ ಹೇಳಲಿ, ಅದನ್ನು ಹೊತ್ತುಕೊಂಡು ಓಡಾಡಬಲ್ಲೆ. ಅಕ್ಕನ ಕಣ್ಣಿನಿಂದ ಮೆರೆದವನು ಎಂಬುದನ್ನು ಹೊರಲಾರೆ.

ಆಟದ ಕಡೆಗೆ ಮತ್ತೆ ಹೋಗಲಿಲ್ಲ. ಅಲ್ಲಿ ಯಾರಾದರೂ ನನ್ನನ್ನು ಕರೆದಿರಬಹುದು.

ರಾಶಿ ನೋಡಲು ನನ್ನ ಜಾಗಕ್ಕೆ ಗುತ್ತಲದ ಕಡೆಯವನೊಬ್ಬ ಬಂದ. ಕಾಯಿ ಮುಟ್ಟುವುದೂ ಇಲ್ಲ; ದೂರದಿಂದ ನೋಡಿ ದರ್ಜೆ ಹೇಳುತ್ತಾನೆ, ಸರಿಯಾಗಿರುತ್ತದೆ. ನಾನು ಕಾಟಾದ ಮೇಲೆ ಚೀಲ ಇಳಿಸುತ್ತ ಅತ್ತ ನೋಡುತ್ತೇನೆ. ಅಕ್ಕ ಮೊದಲಿನ ಜಾಗದಲ್ಲೇ ಕೂತಿರುತ್ತಾಳೆ. ಅವನು ಮುಂದೆ ಸರಿದ ಮೇಲೂ ಅವಳಿಗೆ ಅವಸರವಿಲ್ಲ. ಪಕ್ಕದವಳ ಹತ್ತಿರ ಮಾತಾಡುತ್ತಾಳೆ, ಎಲೆಗೆ ಸುಣ್ಣ ಹಚ್ಚುತ್ತಾಳೆ, ಆಮೇಲೆ ನಿಧಾನವಾಗಿ ರಾಶಿಗೆ ಕೈ ಹಾಕುತ್ತಾಳೆ.