ನಿಂಬೆಹಣ್ಣು ತುಳಿದ ಸ್ಕೇಟು

ಆಗ ಅಮೆರಿಕದ ನಮ್ಮೂರು ಮಾರ್ಗನ್ ಹಿಲ್ ಇಷ್ಟೊಂದು ಬೆಳೆದಿರಲಿಲ್ಲ. ನಮ್ಮ ಬಾಡಿಗೆ ಮನೆಯ ಹಿಂದಿನ ಬೇಲಿ ದಾಟಿದರೆ ದೊಣ್ಣೆಮೆಣಸಿನಕಾಯಿಯ ಹೊಲ. ಸೆಪ್ಟೆಂಬರ್ ಬಂತೆಂದರೆ ಪಕ್ಕದೂರು ಗಿಲ್‌ರಾಯ್ ಕಡೆಯಿಂದ ಅಲ್ಲಿನ ಬೆಳ್ಳುಳ್ಳಿ ಕಾರ್ಖಾನೆಗಳ ವಾಸನೆ ತೇಲಿ ಬಂದು ಹಿತ್ತಲಿನಲ್ಲಿ ಒಣಗಲು ಹಾಕಿದ ಬಟ್ಟೆಗಳಲ್ಲಿ ಕೂರುತ್ತಿತ್ತು. ಇಷ್ಟು ಬರೆದು ಕೈ ತಡೆಯಿತು. ನಮ್ಮ ಕಣಿವೆಯಲ್ಲಿ ಗಾಳಿ ಹೆಚ್ಚಾಗಿ ಉತ್ತರದಿಂದ ಬೀಸುತ್ತದೆ. ಗಿಲ್‌ರಾಯ್ ಇರುವುದು ನಮಗೆ ದಕ್ಷಿಣಕ್ಕೆ. ಹಾಗಾದರೆ ಆ ವಾಸನೆ ನಮ್ಮ ಹಿತ್ತಲಿಗೆ ಹೇಗೆ ಬಂತು? ಅಮ್ಮನ ಒಗ್ಗರಣೆಯದೇ ಇರಬಹುದು. ಆರು ವರ್ಷ ಸಂಖ್ಯಾಶಾಸ್ತ್ರ ಓದಿದ್ದರಿಂದ ನನಗಾದ ಲಾಭ ಇದು: ಬೇರೆಯವರ ಮಾತನ್ನು ಹೇಗೋ ಹಾಗೆ ನನ್ನ ನೆನಪನ್ನೂ ನಂಬಲಾರೆ. ಆದರೂ ಆ ವರ್ಷದ ಒಂದು ಬೆಳಗನ್ನು ಮಾತ್ರ ಈ ಸಲ ಹಾಗೇ ಬಿಡಬಾರದು ಎಂದು ಹಟ ಹಿಡಿದು ಕೂತಿದ್ದೇನೆ.

ಹಟ ಹತ್ತಿಸಿದವಳು ಮಗಳು. ಐದನೇ ತರಗತಿಯ ಅವಳಿಗೆ ಶಾಲೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದರು: ಅಮೆರಿಕದವರಿಗೆ ಉಳಿದ ಆಟಗಳಷ್ಟು ಐಸ್ ಹಾಕಿ ಏಕೆ ಹಿಡಿಸಲಿಲ್ಲ? ಆಡಿದವರು ಯಾರಾದರೂ ಮನೆಯಲ್ಲಿದ್ದರೆ ಕೇಳಿ ಬರೆಯಬೇಕು. ನಾನು ಆಡಿದ್ದೆ, ಅವಳ ವಯಸ್ಸಿನಲ್ಲೇ. ಉತ್ಸಾಹದಿಂದ ನಿಂಬೆಹಣ್ಣಿನ ಕತೆ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡ ಅವಳು, "ಅಪ್ಪಾ, ಡಿಡ್ ದಟ್ ರಿಯಲಿ ಹ್ಯಾಪನ್?" ಎಂದಳು.

ನಾನು ಏಳನೇ ವಯಸ್ಸಿಗೆ ಮಂಡ್ಯದಿಂದ ಮಾರ್ಗನ್ ಹಿಲ್‌ಗೆ ಬಂದವನು. ಹತ್ತನೆಯ ವಯಸ್ಸಿಗೆ ಐಸ್ ಹಾಕಿಯ ಹುಚ್ಚು ಹಿಡಿಯಿತು. ನಮ್ಮ ತರಗತಿಯಲ್ಲಿ ಆ ಹುಚ್ಚು ಇದ್ದದ್ದು ಇಬ್ಬರಿಗೇ: ನನಗೆ, ಮತ್ತು ಇಮ್ರಾನನಿಗೆ. ಅವನೂ ಬೆಂಗಳೂರಿನಿಂದ ನನ್ನ ಹಾಗೆಯೇ ಬೇರು ಬಿಟ್ಟ ಮೇಲೆ ಕಿತ್ತು ನೆಟ್ಟ ಗಿಡ; ಗಿಲ್‌ರಾಯ್‌ನಲ್ಲಿ ಅವರಪ್ಪನ ಟೈರಂಗಡಿ ಇತ್ತು. ಉಳಿದ ಹುಡುಗರು ಬಿಡುವಿನ ಗಂಟೆ ಹೊಡೆದದ್ದೇ ತಡ ಸಾಕರ್ ಚೆಂಡಿನ ಹಿಂದೆ ಓಡುತ್ತಿದ್ದರು, ಇಲ್ಲವೇ ಬಾಸ್ಕೆಟ್‌ಬಾಲ್ ಬಳೆಯ ಕೆಳಗೆ ನೆಗೆಯುತ್ತಿದ್ದರು. ಆ ಆಟಗಳಿಗೆ ಬೇಕಾದದ್ದು ಒಂದು ಚೆಂಡು, ಎರಡು ಕಾಲು. ನಮ್ಮ ಆಟಕ್ಕೆ ಹಿಮವೇ ಬೀಳದ ಊರಿನಲ್ಲಿ, ತಗಡಿನ ದೊಡ್ಡ ಶೆಡ್ಡಿನೊಳಗೆ, ಯಂತ್ರ ಓಡಿಸಿ ನೀರನ್ನು ಹೆಪ್ಪುಗಟ್ಟಿಸಬೇಕು. ಐಸ್ ರಿಂಕ್ ಎನ್ನುವ ಆ ಶೆಡ್ಡು ಇದ್ದದ್ದು ಸ್ಯಾನ್ ಹೊಸೆಯಲ್ಲಿ. ಫ್ರೀವೇಯಲ್ಲಿ ಅರ್ಧ ಗಂಟೆ. ನಮಗೆ ಸಿಗುತ್ತಿದ್ದದ್ದು ಶನಿವಾರ ಬೆಳಿಗ್ಗೆ ಏಳರ ಒಂದು ಹೊತ್ತು, ಬೇರೆ ಯಾರಿಗೂ ಬೇಡದ್ದು. ಮೊಣಕಾಲಿಗೊಂದು, ಎದೆಗೊಂದು, ತಲೆಗೊಂದು ಕವಚ. ಎಲ್ಲವೂ ಬೇರೆಯವರ ಬೆವರಿನ ವಾಸನೆ ಹೊತ್ತ ಹಳೆಯವು. ಅಮ್ಮ ನನ್ನ ಚೀಲವನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಅಪ್ಪ ಮೈಸೂರಿನ ಕಾಲೇಜಿನಲ್ಲಿ ಹಾಕಿ ಆಡಿದವರು. ಮೊದಲ ದಿನ ಗಾಜಿನಾಚೆ ನಿಂತು ನೋಡಿ, "ಬಿಸಿಲಲ್ಲಿ ಆಡೋ ಆಟಾನ ಇವ್ರು ಫ್ರಿಜ್ಜೊಳಗೆ ಆಡ್ತಾರಲ್ಲೋ!" ಎಂದಿದ್ದರು. ಟಿವಿಯಲ್ಲಿ ಹಾಕಿದರೆ, "ಪಕ್ಕು ಎಲ್ಲೋ? ನಂಗೆ ಹನ್ನೆರಡು ಜನ ಜಗಳ ಆಡ್ತಿರೋದು ಮಾತ್ರ ಕಾಣ್ತಿದೆ" ಎನ್ನುತ್ತಿದ್ದರು. ನಾವು ಹೊಡೆದಾಡುತ್ತಿದ್ದ ಪುಟ್ಟ ಕಪ್ಪು ರಬ್ಬರ್ ಬಿಲ್ಲೆಯೇ ಪಕ್ಕು. ಅದು ಕಾಣುವುದಿಲ್ಲ ಎನ್ನುವುದೂ ಮಗಳ ಪ್ರಶ್ನೆಗೆ ಒಂದು ಉತ್ತರವೇ.

ನಮ್ಮ ತಂಡದ ಕೋಚ್ ಲಿಂಡಾ ಮಿನೆಸೋಟಾದವರು. ವಾರವಿಡೀ ಸ್ಕೂಲ್ ಬಸ್ಸು ಓಡಿಸಿ ಶನಿವಾರ ನಮ್ಮನ್ನು ಓಡಿಸುತ್ತಿದ್ದರು. ಅವರ ಊರಿನಲ್ಲಿ ಚಳಿಗಾಲಕ್ಕೆ ಕೆರೆ ತಾನಾಗಿಯೇ ಗಟ್ಟಿಯಾಗುತ್ತದಂತೆ, ಮಕ್ಕಳು ಶಾಲೆ ಬಿಟ್ಟ ಕೂಡಲೇ ಕೆರೆಗೆ ಇಳಿಯುತ್ತಾರಂತೆ. "ಅಲ್ಲಿ ಹಾಕಿ ಆಡದೆ ಇರೋದು ಕಷ್ಟ, ಇಲ್ಲಿ ಆಡೋದು ಕಷ್ಟ" ಎಂದು ಇಂಗ್ಲಿಷಿನಲ್ಲಿ ಗೊಣಗುತ್ತಿದ್ದರು. ಆಗಸ್ಟಿನಲ್ಲಿ ನಾವು ಹನ್ನೊಂದು ಮಕ್ಕಳಿದ್ದೆವು. ಸಾಕರ್ ಸೀಸನ್ ಶುರುವಾದಂತೆ ಒಬ್ಬೊಬ್ಬರೇ ಜಾರಿಕೊಂಡು ಅಕ್ಟೋಬರಿನ ಹೊತ್ತಿಗೆ ಆರಕ್ಕೆ ಇಳಿದೆವು. ಗೋಲು ಕಾಯುವ ಇಮ್ರಾನ್, ಉದ್ದನೆಯ ಹುಡುಗಿ ಕೇಟಿ, ಸದಾ ಮೂಗು ಸುರಿಸುವ ವಿಕ್ಟರ್, ಇಬ್ಬರು ಅವಳಿಗಳು, ನಾನು. ಐಸ್ ಮೇಲೆ ಇಳಿಯಲು ಬೇಕಾದದ್ದು ಸರಿಯಾಗಿ ಆರೇ ಜನ. ಒಂದು ಶನಿವಾರ ವಿಕ್ಟರನಿಗೆ ಜ್ವರ ಬಂದು, ಆಡದೆಯೇ ಸೋತೆವು. ಅವತ್ತು ರಿಂಕಿನ ಮ್ಯಾನೇಜರು ಕೋಚ್‌ಗೆ ಖಡಾಖಂಡಿತವಾಗಿ ಹೇಳಿದ: ಇನ್ನೊಂದು ಸಲ ಆರು ಜನ ಸೇರದಿದ್ದರೆ ನಿಮ್ಮ ಹೊತ್ತನ್ನು ಫಿಗರ್ ಸ್ಕೇಟಿಂಗ್ ಕ್ಲಾಸಿಗೆ ಕೊಡುತ್ತೇನೆ. ಅಂದರೆ ತಂಡ ಮುಗಿದ ಹಾಗೆ.

ಮುಂದಿನ ಪಂದ್ಯ ವಿಜಯದಶಮಿಯ ಬೆಳಿಗ್ಗೆ. ಹಿಂದಿನ ದಿನ ಆಯುಧಪೂಜೆ.

ನಮ್ಮ ತಾತ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅವರ ಮನೆಯಲ್ಲಿ ಯುಗಾದಿಗಿಂತ ದೊಡ್ಡ ಹಬ್ಬ ಆಯುಧಪೂಜೆ. ಅಪ್ಪ ಅದನ್ನು ಹಾಗೆಯೇ ಮಾರ್ಗನ್ ಹಿಲ್‌ನ ಗ್ಯಾರೇಜಿಗೆ ತಂದಿದ್ದರು. ಕಾರು, ಸ್ಕ್ರೂಡ್ರೈವರುಗಳ ಡಬ್ಬಿ, ಅಮ್ಮನ ಮಿಕ್ಸಿ, ಈಳಿಗೆಮಣೆ, ಪಕ್ಕದಲ್ಲಿ ನನ್ನ ಹಾಕಿ ಕೋಲು ಮತ್ತು ತಳಕ್ಕೆ ಉಕ್ಕಿನ ಅಲಗಿರುವ ಬೂಟು, ಅಂದರೆ ಸ್ಕೇಟುಗಳು. ಎಲ್ಲಕ್ಕೂ ಅರಿಶಿನ, ಕುಂಕುಮ, ಚೆಂಡುಹೂವು. ಬೂದುಗುಂಬಳ ಸಿಗದೆ, ಹ್ಯಾಲೊವೀನಿಗೆಂದು ಗ್ರೋಸರಿ ಅಂಗಡಿಯ ಮುಂದೆ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿ. ಕಡ್ಲೆಪುರಿ, ಊದಿನಕಡ್ಡಿಯ ಹೊಗೆ, ಅದರೊಳಗೇ ಎಂಜಿನ್ ಆಯಿಲಿನ ವಾಸನೆ.

ಅಪ್ಪ ಕಾರಿನ ಚಕ್ರಗಳಿಗೆ ನಿಂಬೆಹಣ್ಣಿಟ್ಟು ಹಿಂದೆ ಮುಂದೆ ಓಡಿಸಿ ಅಪ್ಪಚ್ಚಿ ಮಾಡಿದರು. ಕೈಯಲ್ಲಿ ಒಂದು ಹಣ್ಣು ಉಳಿಯಿತು. ಅದನ್ನು ನೋಡಿದರು, ನನ್ನ ಸ್ಕೇಟುಗಳನ್ನು ನೋಡಿದರು.

"ಇದಕ್ಕೂ ಆಗ್ಲಿ. ಹಾಕ್ಕೊಳೋ ಚೇತು."

"ಅದೇನು ಗಾಡೀನೇನ್ರೀ?" ಅಮ್ಮ ನಕ್ಕರು.

"ಓಡೋದೆಲ್ಲ ಗಾಡೀನೇ ಕಣೇ. ಚಕ್ರ ಇಲ್ದಿದ್ರೆ ಏನಾಯ್ತು?"

ಸ್ಕೇಟಿನ ಅಲಗು ಐಸ್ ಮತ್ತು ರಬ್ಬರ್ ಚಾಪೆ ಬಿಟ್ಟರೆ ಇನ್ನೆಲ್ಲೂ ತಾಗಬಾರದು ಎಂದು ಕೋಚ್ ಮೊದಲ ದಿನವೇ ಹೇಳಿದ್ದರು. ನಾನು ಅದನ್ನು ಅಪ್ಪನಿಗೆ ಹೇಳಿದೆ. ಅಪ್ಪ, "ಒಂದೇ ಹೆಜ್ಜೆ, ದೇವ್ರ ಕೆಲ್ಸ, ಏನೂ ಆಗಲ್ಲ" ಎಂದರು. ನಾನು ಬಲಗಾಲಿಟ್ಟು ತುಳಿದೆ. ರಸ ಚಿಮ್ಮಿತು, ಕಾಂಕ್ರೀಟಿಗೆ ಅಲಗು ತಾಗಿ ಕರ್ ಎಂದಿತು, ಹಲ್ಲು ಜುಮ್ಮೆಂದಿತು. ಇಷ್ಟು ನನ್ನ ನೆನಪು. ಇಪ್ಪತ್ತೈದು ವರ್ಷದಿಂದ ಇದನ್ನು ಹೀಗೆಯೇ ಹೇಳುತ್ತ ಬಂದಿದ್ದೇನೆ.

ಸ್ಕೇಟನ್ನು ಒರೆಸಿ ಮತ್ತೆ ಪೂಜೆಗಿಟ್ಟರು. "ನಾಳೆ ಬೆಳಿಗ್ಗೆ ತನಕ ಯಾರೂ ಯಾವ್ದನ್ನೂ ಮುಟ್ಟಂಗಿಲ್ಲ" ಎಂದರು ಅಮ್ಮ. ಮುಟ್ಟಿದ್ದರೆ ಅಲಗಿನ ಗತಿ ಅವತ್ತೇ ಗೊತ್ತಾಗುತ್ತಿತ್ತು. ಗೊತ್ತಾದದ್ದು ಬೆಳಿಗ್ಗೆ, ರಿಂಕಿನಲ್ಲಿ. ಐಸಿಗಿಳಿದು ಎಡಕ್ಕೆ ತಿರುಗಲು ಹೋದೆ, ದೊಪ್ಪನೆ ಬಿದ್ದೆ. ಎದ್ದೆ, ಮತ್ತೆ ಬಿದ್ದೆ. ಎಡಕ್ಕೆ ತಿರುಗುವಾಗ ಭಾರ ಹೊರಬೇಕಾದದ್ದು ಬಲಗಾಲಿನ ಅಲಗಿನ ಒಳ ಅಂಚು. ಅಲ್ಲಿ ಹರಿತವೇ ಉಳಿದಿರಲಿಲ್ಲ.

ಕೋಚ್ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಅಲಗಿನ ಮೇಲೆ ಉಗುರೆಳೆದು ನೋಡಿದರು. ಸಾಣೆ ಹಿಡಿಯುವವನು ಬರುವುದು ಒಂಬತ್ತಕ್ಕೆ.

"ಇದು ಏನಕ್ಕೆ ತಾಗಿತು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಂದು, "ನನ್ನ ತಪ್ಪು" ಎಂದರು. ನಿಂತಲ್ಲೇ ಆಯುಧಪೂಜೆಯನ್ನೂ ನಿಂಬೆಹಣ್ಣನ್ನೂ ವಿವರಿಸಿದರು. ಕೋಚ್ ಗಂಭೀರವಾಗಿ ಕೇಳಿಸಿಕೊಂಡರು.

"ಕಾರಿಗೂ ಹೀಗೇ ಮಾಡ್ತೀರಾ?"

"ಪ್ರತಿ ವರ್ಷ."

"ಕಾರಿಗೆ ಕೆಲಸ ಮಾಡುತ್ತಾ?"

"ಇಲ್ಲೀತನಕ ಮಾಡಿದೆ."

"ಸರಿ," ಎಂದು ನನ್ನತ್ತ ತಿರುಗಿದರು. "ನೀನು ಎಡಕ್ಕೆ ತಿರುಗಲೇಬೇಡ. ಬಲಕ್ಕೆ ಮಾತ್ರ. ಬೀಳು, ಏಳು, ಏನಾದರೂ ಮಾಡು. ಐಸ್ ಬಿಟ್ಟು ಮಾತ್ರ ಹೊರಗೆ ಬರಬೇಡ. ನೀನು ಬಂದರೆ ನಾವು ಐದು ಜನ."

ಅಪ್ಪನ ಮುಖ ನೋಡದೆ ಇಳಿದೆ. ಅಷ್ಟು ಕೋಪ ನನಗೆ ಯಾರ ಮೇಲೂ ಬಂದಿರಲಿಲ್ಲ. ಆ ಕೋಪದಲ್ಲೇ ಆಡಿದೆ. ಎಡಕ್ಕೆ ಹೋಗಬೇಕಾದಾಗಲೆಲ್ಲ ಬಲಕ್ಕೆ ಮುಕ್ಕಾಲು ಸುತ್ತು ಹಾಕಿ ಹೋದೆ. ಎದುರು ತಂಡದವರು ಮೊದಲು ಅರ್ಥವಾಗದೆ ದಾರಿ ಬಿಟ್ಟರು, ಆಮೇಲೆ ನಕ್ಕರು. ಐಸ್ ಮೇಲೆ ಕನ್ನಡ ನನಗೂ ಇಮ್ರಾನನಿಗೂ ಗುಟ್ಟಿನ ಭಾಷೆ, ಅವತ್ತು ಗೋಲಿನಿಂದ ಅವನು ಗುಟ್ಟನ್ನೆಲ್ಲ ಕಿರುಚಿದ: "ಲೇ, ಸುತ್ತಾಕ್ಕೊಂಡ್ ಬಾರೋ! ಗಡಿಯಾರ ನನ್ಮಗನೇ, ಬೇಗ ತಿರುಗೋ!"

ಮೂರನೆಯ ಅವಧಿಯಲ್ಲಿ ಗೋಡೆಗೆ ಬಡಿದು ತುಟಿ ಒಡೆಯಿತು. ರೆಫರಿ ಬಾಗಿ, ಹೊರಗೆ ಹೋಗುತ್ತೀಯಾ ಎಂದು ಕೇಳಿದ. ಗಾಜಿನಾಚೆ ಮ್ಯಾನೇಜರು ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದ. ಅವನ ಪಕ್ಕದಲ್ಲಿ ಅಪ್ಪ, ಪುಳಿಯೋಗರೆಯ ಡಬ್ಬಿ ಎದೆಗೊತ್ತಿಕೊಂಡು. ತಲೆಯಲ್ಲಾಡಿಸಿ ಎದ್ದೆ. ಪಂದ್ಯ ಮುಗಿದ ಹಾರ್ನಿನ ಭೋಂಕಾರ ಕೇಳಿದಾಗ ನಾವು ಸೋತಿದ್ದೆವು, ಆರೂ ಜನ ಐಸ್ ಮೇಲಿದ್ದೆವು. ಮ್ಯಾನೇಜರು ಹಾಳೆಗೆ ಸಹಿ ಹಾಕಿ ಹೋದ. ಡಬ್ಬಿಯ ಪುಳಿಯೋಗರೆಯನ್ನು ಆರು ಜನ ಕೈಗವಸು ಬಿಚ್ಚಿ ತಿಂದೆವು. ಒಡೆದ ತುಟಿಗೆ ಹುಣಿಸೆ ಹುಳಿ ತಾಗಿ ಉರಿದದ್ದು ಈಗಲೂ ಇದೆ. ಅದನ್ನು ಯಾವ ಪುರಾವೆಯೂ ಇಲ್ಲದೆ ನಂಬುತ್ತೇನೆ.

ಉಳಿದದ್ದನ್ನು ಪರೀಕ್ಷಿಸಬೇಕಿತ್ತು. ಈಗ ಫ್ರೀಮಾಂಟಿನಲ್ಲಿರುವ ಇಮ್ರಾನನಿಗೆ ಫೋನ್ ಮಾಡಿದೆ. "ನಾಲ್ಕು-ಒಂದು ಮಗಾ. ಆ ಒಂದು ನೀನೇ ಹೊಡ್ದಿದ್ದು" ಎಂದ. ಅಪ್ಪನನ್ನು ಕೇಳಿದರೆ, "ಒಂಬತ್ತು-ಒಂದು. ಹೊಡೆದಿದ್ದು ಆ ಉದ್ದನೆ ಹುಡುಗಿ" ಎಂದರು. ನನ್ನ ಲೆಕ್ಕದಲ್ಲಿ ಆರು-ಒಂದು, ಹೊಡೆದವನು ವಿಕ್ಟರ್. ಮೂರು ಸಾಕ್ಷಿ, ಮೂರು ಪಂದ್ಯ. ಆದರೆ ಸ್ಕೇಟು ಇತ್ತು. ಮುಂದಿನ ವಾರವೇ ಕೋಚ್ ನನಗೆ ಬೇರೆ ಜೊತೆ ಹುಡುಕಿ ಕೊಟ್ಟಿದ್ದರಿಂದ ಆ ಹಳೆಯದನ್ನು ಯಾರೂ ಸಾಣೆಗೆ ಕೊಟ್ಟಿರಲಿಲ್ಲ. ಅಪ್ಪ ಅದನ್ನು ಗ್ಯಾರೇಜಿನಲ್ಲಿಟ್ಟುಕೊಂಡು ಪ್ರತಿ ವರ್ಷ ಆಯುಧಪೂಜೆಗೆ ಕಾರಿನ ಪಕ್ಕದಲ್ಲಿಡುತ್ತಾರೆ.

ಮಗಳನ್ನು ಕರೆದುಕೊಂಡು ಅಪ್ಪನ ಗ್ಯಾರೇಜಿಗೆ ಹೋದೆ. ಬಲಗಾಲಿನ ಸ್ಕೇಟಿನ ಕುಂಕುಮ, ತುಕ್ಕು ಒರೆಸಿ ಬೆಳಕಿಗೆ ಹಿಡಿದೆ. ಒಂದು ಹೆಜ್ಜೆ ತುಳಿದರೆ ಆಗಬೇಕಾದದ್ದು ಒಂದೆರಡು ಕಚ್ಚು. ಅಲ್ಲಿ ಹಿಮ್ಮಡಿಯಿಂದ ಮೂತಿಯ ತನಕ ಒಳ ಅಂಚು ಪೂರ್ತಿ ಸವೆದು ಹೋಗಿತ್ತು. ಐಸ್ ಮೇಲೆ ಮುಂದೆ ನುಗ್ಗಲು ಪಾದವನ್ನು ಓರೆ ಮಾಡಿ ತಳ್ಳುತ್ತೇವಲ್ಲ, ಅದೇ ಓರೆ. ಒಂದು ಸಲವಲ್ಲ, ಹಲವು ಸಲ.

ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ಇದು ನಿಂಬೆಹಣ್ಣಿಂದ ಆಗಿದ್ದಲ್ಲ" ಎಂದೆ.

"ಅಲ್ಲ. ನಾನು ಆರತಿ ತಟ್ಟೆ ತರಕ್ಕೆ ಒಳಗೆ ಹೋದೆ. ವಾಪಸ್ ಬಂದ್ರೆ ನೀನು ಆ ಗೋಡೆಯಿಂದ ಈ ಗೋಡೆಗೆ ಬಲಗಾಲಲ್ಲೇ ತಳ್ಕೊಂಡು ಹಾರಾಡ್ತಿದ್ದೆ. ಖುಷಿ ನಿಂಗೆ."

"ಅಲಗು ನೆಲಕ್ಕೆ ತಾಗಬಾರ್ದು ಅಂತ ನಿಮ್ಗೆ ಹೇಳಿದ್ದೆ, ಅಲ್ವಾ?"

"ಇಲ್ಲಪ್ಪ. ಅದು ನಂಗೆ ಗೊತ್ತಾಗಿದ್ದೇ ಆ ಹೆಂಗಸು ಉಗುರೆಳೆದು ನೋಡಿದಾಗ."

"ಮತ್ತೆ ತಪ್ಪು ನಂದು ಅಂತ ಯಾಕಂದ್ರಿ? ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

ಅಪ್ಪ ಸ್ಕೇಟನ್ನು ತೆಗೆದುಕೊಂಡು ಅದರ ಜಾಗದಲ್ಲಿಟ್ಟರು. "ನಿಂದೇ ಅಂತ ಗೊತ್ತಾಗಿದ್ರೆ ಅವತ್ತು ಇಳೀತಿದ್ಯೇನೋ? ಅಳ್ತಾ ಕೂತಿರ್ತಿದ್ದೆ."

ನಿಜ. ಇದನ್ನು ಅನುಮಾನಿಸಲು ನನ್ನಲ್ಲಿ ಏನೂ ಇಲ್ಲ.

ನಾವು ಉಳಿಸಿಕೊಂಡ ಆ ಹೊತ್ತು ಕ್ರಿಸ್‌ಮಸ್‌ವರೆಗೆ ನಡೆಯಿತು. ಬಾಸ್ಕೆಟ್‌ಬಾಲ್ ಶುರುವಾದಾಗ ಅವಳಿಗಳು ಹೋದರು, ತಂಡ ಮುಗಿಯಿತು. ರಿಂಕು ಇದ್ದಲ್ಲಿ ಈಗ ಗೋದಾಮು ಇದೆ. ಮಗಳು ತನ್ನ ಹಾಳೆಯಲ್ಲಿ ಹಿಮ, ದೂರ, ಕವಚ, ಕಾಣದ ಪಕ್ಕು, ಎಲ್ಲವನ್ನೂ ಬರೆದುಕೊಂಡಳು. ಎಲ್ಲವೂ ಸರಿಯಾದ ಕಾರಣಗಳೇ. ಅವಳ ಸಾಕರ್ ತಂಡದಲ್ಲಿ ಹದಿನೆಂಟು ಮಕ್ಕಳಿದ್ದಾರೆ. ಕಳೆದ ವಾರ ಜ್ವರವೆಂದು ಅವಳನ್ನು ಕಳಿಸಲಿಲ್ಲ. ಆಟ ನಡೆಯಿತು, ಯಾರೂ ಫೋನ್ ಮಾಡಲಿಲ್ಲ. ವಿಕ್ಟರನಿಗೆ ಜ್ವರ ಬಂದ ಶನಿವಾರ ಐದು ಮನೆಗಳ ಫೋನುಗಳು ಬೆಳಕು ಹರಿಯುವ ಮೊದಲೇ ಬಡಿದುಕೊಂಡಿದ್ದವು. ಆಮೇಲೆ ನಾನು ಎಷ್ಟೋ ಆಫೀಸುಗಳಲ್ಲಿ ಕೂತಿದ್ದೇನೆ, ದೊಡ್ಡ ದೊಡ್ಡ ತಂಡಗಳಲ್ಲಿ ಹೆಸರು ಬರೆಸಿದ್ದೇನೆ. ನಾನು ಹೊರಗೆ ಬಂದರೆ ಐದೇ ಜನ ಎಂದು ಯಾರೂ ನನಗೆ ಮತ್ತೆ ಹೇಳಲಿಲ್ಲ.