ಅರವತ್ತಮೂರರ ಬೆನ್ನುಮೂಳೆ

ನಮ್ಮ ಬೀದಿಯ ಹಲ್ಲಣ್ಣ ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವನು ಮೇಣದಲ್ಲಿ ತಿದ್ದಿ, ವಸಡಿನ ಬಣ್ಣದ ಗುಲಾಬಿ ಅಕ್ರಿಲಿಕ್ಕಿನಲ್ಲಿ ಎರಕ ತೆಗೆದು, ಹಲ್ಲು ಕೂರಿಸಿ ಕೊಡುತ್ತಾನೆ. ಎದುರಿಗೆ ಯಾರಾದರೂ ನಕ್ಕರೆ ಜೋಕೇನೆಂದು ಕೇಳುವುದಿಲ್ಲ. ಕೆಳಗಿನ ಸಾಲು ತನ್ನದೇ ಇರಬಹುದೇ ಎಂದು ನೋಡುತ್ತಾನೆ. ಸೆಟ್ಟು ಸರಿಯಾಗಿ ಕೂರುತ್ತಿಲ್ಲ ಎಂದು ಯಾರಾದರೂ ಬಂದರೆ ಅವನು ಮೊದಲು ಅನುಮಾನಿಸುವುದು ಅವರ ದವಡೆಯನ್ನು.

ಅವನ ಕಾರ್ಯಾಗಾರದ ಹಿಂದಿನ ಕೋಣೆಯಲ್ಲಿ ಅವನ ತಾಯಿ ಇರುತ್ತಾರೆ. ಸಕ್ಕರೆ ಕಾಯಿಲೆಯಿಂದ ಅವರಿಗೆ ಕಣ್ಣು ಹೋಗಿದೆ. ಈಚೆಗೆ ಎಡಗೈ ಬೆರಳುಗಳೂ ಜೋಮು ಹಿಡಿದಂತಾಗಿ, ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಬಲಗೈಯೂ ಅದೇ ದಾರಿ ಹಿಡಿಯುತ್ತದೆ, ಯಾವಾಗ ಎಂದು ಹೇಳಲಾರೆ ಎಂದಿದ್ದರು ಡಾಕ್ಟರು. ಅದನ್ನು ಕೇಳಿಕೊಂಡು ಬಂದ ದಿನ ತಾಯಿ ಮಗನನ್ನು ಕರೆದರು.

"ನಿಮ್ಮಪ್ಪ ಒಂದು ಸಲ ನನ್ನನ್ನ ಆ ಅಮೆರಿಕದ ಕಾರಲ್ಲಿ ಕೂರಿಸ್ಕೊಂಡು ಹೋಗಿದ್ರು. ಈ ಕೈ ಇರೋವಾಗ್ಲೇ ಅದನ್ನ ಇನ್ನೊಂದ್ಸಲ ಮುಟ್ಟಿ ನೋಡ್ಬೇಕು ಕಣೋ."

ಅಪ್ಪ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ರಿಪೇರಿಗೆ ಬಂದ ಒಂದು ಕಾರ್ವೆಟ್ ಕಾರನ್ನು ಬ್ರೇಕ್ ಪರೀಕ್ಷೆಯ ನೆಪದಲ್ಲಿ ಹೊರಗೆ ತೆಗೆದು, ಹೊಸ ಹೆಂಡತಿಗೆ ಒಂದು ಸುತ್ತು ಹೊಡೆಸಿದ್ದರು.

ಹಲ್ಲಣ್ಣ ಅದೇ ಕಾರನ್ನು ಮೊಣಕೈಯಷ್ಟು ಉದ್ದಕ್ಕೆ ಇಳಿಸಿ ಮಾಡುತ್ತೇನೆಂದು ಪಟ್ಟು ಹಿಡಿದ. ಮನೆಯಲ್ಲಿ ಒಂದೇ ಒಂದು ಫೋಟೋ ಇತ್ತು: ಕಾರಿನ ಹಿಂಭಾಗಕ್ಕೆ ಒರಗಿ ನಿಂತ ಅಪ್ಪ, ಪಕ್ಕದಲ್ಲಿ ಹಿಂದಿನ ಕಿಟಕಿಯ ಅಗಲವಾದ ಒಂದೇ ಗಾಜು. ಕಾರಿನ ಪುಸ್ತಕ ತರಿಸಿಕೊಂಡು, ಭೂತಗನ್ನಡಿ ಹಿಡಿದು ನೋಡಿ, ಇದು ಅರವತ್ತನಾಲ್ಕನೇ ಇಸವಿಯ ಮಾಡೆಲ್ಲು ಎಂದು ಅವನು ತೀರ್ಪು ಕೊಟ್ಟ. ಅರವತ್ತಮೂರರದ್ದಾದರೆ ಹಿಂದಿನ ಗಾಜು ಎರಡು ಹೋಳಾಗಿ ನಡುವೆ ಪಟ್ಟಿ ಇರುತ್ತದೆ. ಮರುವರ್ಷ ಅದನ್ನು ತೆಗೆದುಬಿಟ್ಟರು. ಇದನ್ನು ಬೀದಿಯವರಿಗೆಲ್ಲ ಬಿಡಿಸಿ ಹೇಳಿದ. ಆ ಕಾರಿನಲ್ಲಿ ಕೂತು ಬಂದವರು ಹಿಂದಿನ ಕೋಣೆಯಲ್ಲೇ ಇದ್ದಾರೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಮೇಣ, ಅಚ್ಚು ಮುಗಿದು ಕಾರು ಗುಲಾಬಿ ಅಕ್ರಿಲಿಕ್ಕಿನಲ್ಲಿ ಹೊರಬಂತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ರೀ, ಇದು ಕಾರೋ, ಯಾರದಾದ್ರೂ ವಸಡೋ? ನೋಡಿದ್ರೆ ಬಾಯಿ ಮುಕ್ಕಳಿಸ್ಬೇಕು ಅನ್ಸತ್ತೆ."

ಅಮ್ಮನಿಗೆ ಹೇಗೂ ಬಣ್ಣ ಕಾಣದು ಎಂಬ ಸಮಾಧಾನದಿಂದ ಹಲ್ಲಣ್ಣ ಅದನ್ನು ಹಾಗೆಯೇ ತಂದು ಅವರ ಮಡಿಲಲ್ಲಿಟ್ಟ. ತಾಯಿಯ ಬಲಗೈ ಮೂತಿಯಿಂದ ಹೊರಟು, ಮಡ್‌ಗಾರ್ಡಿನ ಉಬ್ಬು ಏರಿ ಇಳಿದು, ಹಿಂದಿನ ಗಾಜಿಗೆ ಬಂದು ನಿಂತಿತು.

"ಇದು ಆ ಕಾರಲ್ಲ."

"ಅಮ್ಮ, ಫೋಟೋದಲ್ಲಿ ಒಂದೇ ಗಾಜಿದೆ."

"ಫೋಟೋ ತೆಗೆದಿದ್ದು ಆಮೇಲೆ. ಹಿಂದೆ ಏನೂ ಕಾಣಲ್ಲ ಅಂತ ಓನರ್ರು ಒಂದೇ ಹಟ. ನಿಮ್ಮಪ್ಪನೇ ನಡುವಿನ ಪಟ್ಟಿ ಕೊಯ್ದು ಒಂದೇ ಗಾಜು ಕೂರಿಸಿದ್ರು. ಅದಕ್ಕೇ ಪಕ್ಕದಲ್ಲಿ ನಿಂತು ಅಷ್ಟು ಬೀಗಿರೋದು. ನಾನು ಕೂತಿದ್ದು ಅದಕ್ಕೂ ಮುಂಚೆ."

"ನಂಗೆ ಹೇಳ್ಲೇ ಇಲ್ವಲ್ಲ."

"ನೀನು ಕೇಳಿದ್ದು ಫೋಟೋನ."

ಹಲ್ಲಣ್ಣ ಮಧ್ಯಾಹ್ನವೆಲ್ಲ ಮುಖ ಊದಿಸಿಕೊಂಡಿದ್ದ. ವಯಸ್ಸಾದವರಿಗೆ ನೆನಪು ಕಲಸಿಹೋಗುತ್ತದೆ ಎಂದು ಹೆಂಡತಿಯ ಹತ್ತಿರ ಮೆಲ್ಲಗೆ ಹೇಳಿ ನೋಡಿದ. ಕೂತು ಬಂದವರು ಅವರು, ನೀವಲ್ಲ ಎಂದು ಅವಳು ಬಾಯಿ ಮುಚ್ಚಿಸಿದಳು. ಬೆಳಗಾಗುತ್ತಲೇ ಮತ್ತೆ ಬೆಂಚಿಗೆ ಹೋದ. ಬಂದ ಅಚ್ಚುಗಳೆಲ್ಲ ಮೂಲೆ ಸೇರಿದವು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಕೆಳಸಾಲಿಲ್ಲದೆ ಮೆತ್ತನೆಯ ಬ್ರೆಡ್ಡಿನಲ್ಲೇ ದಿನ ನೂಕಿದರು. ಕಾರಿನ ಚಾವಣಿಯಿಂದ ಇಳಿದು, ಗಾಜನ್ನು ಸೀಳಿ, ಬಾಲದವರೆಗೆ ಹೋಗುವ ಪಟ್ಟಿಯ ಉಬ್ಬು ಏಣನ್ನು ಹಲ್ಲಣ್ಣ ಕೂರಿಸಿದ.

ತಾಯಿಯ ಬೆರಳು ಅದರ ಮೇಲೆ ಜಾರಿಹೋಯಿತು. "ಪಟ್ಟಿ ಎಲ್ಲೋ?"

ಅಮ್ಮನ ಬಲಗೈಯೂ ಹೋಯಿತೇ? ಹಲ್ಲಣ್ಣ ತನ್ನ ಬೆರಳನ್ನೇ ಅದರ ಮೇಲೆ ಆಡಿಸಿ ನೋಡಿದ. ಅವನಿಗೂ ಏನೂ ಸಿಗಲಿಲ್ಲ. ಸೆಟ್ಟಿನಲ್ಲಿ ನಾಲಿಗೆಗೆ ಏನೂ ತಗುಲಬಾರದು ಎಂದು ಜೀವಮಾನವೆಲ್ಲ ಉಜ್ಜಿದ ಕೈ, ತಾನೇ ಕೂರಿಸಿದ ಏಣನ್ನು ಪಾಲಿಶ್ ಚಕ್ರಕ್ಕೆ ಹಿಡಿದು ನುಣ್ಣಗೆ ಸವೆಸಿಬಿಟ್ಟಿತ್ತು. ತನ್ನ ತಪ್ಪು ಸಿಕ್ಕಿದ್ದಕ್ಕೆ ಅವನು ಖುಷಿಪಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು.

ಪಾಲಿಶ್ ಚಕ್ರವನ್ನು ಕಳಚಿ ಹೆಂಡತಿಯ ಕೈಗೆ ಕೊಟ್ಟು, ತಾನು ಕೇಳಿದರೂ ಕೊಡಬೇಡ ಎಂದ. ಮಧ್ಯೆ ಒಂದೆರಡು ಸಲ ಕೇಳಿದ, ಅವಳು ಕೊಡಲಿಲ್ಲ. ಈ ಸಲ ಏಣು ಚೂಪಾಗಿ ನಿಂತಿತು.

ತಾಯಿಯ ಬೆರಳು ತಡೆದು ನಿಂತಿತು. ಚಾವಣಿಯತ್ತ ಹೋಯಿತು, ಬಾಲಕ್ಕೆ ಇಳಿಯಿತು, ಮತ್ತೆ ಬಂತು.

"ಹ್ಞಾ, ಇದೇ. ಮೀನಿನ ಬೆನ್ನುಮೂಳೆ ಇದ್ದಂಗೆ ಇತ್ತು."

ಅಷ್ಟರಲ್ಲಿ ಬೆರಳು ಪಕ್ಕಕ್ಕೆ ಸರಿದು, ಬಾಗಿಲೆಂದು ಹಲ್ಲಣ್ಣ ಗೀರಿದ್ದ ಗೆರೆಯನ್ನು ಉಗುರಿನಿಂದ ಮೀಟತೊಡಗಿತು.

"ಇದು ಯಾಕೋ ತೆರೆಯಲ್ಲ?"

"ಅದು ಬರೀ ಗೀಟಮ್ಮ."

"ಮತ್ತೆ ನಾನು ಒಳಗೆ ಹೋಗೋದು ಹೇಗೆ? ಬಾಗಿಲು ಚಾವಣಿ ತನಕ ತೆರ್ಕೊಳ್ತಿತ್ತು."

ಇದು ಮಾಡೆಲ್ಲು, ಇದರಲ್ಲಿ ಯಾರೂ ಒಳಗೆ ಹೋಗುವುದಿಲ್ಲ ಎಂದು ಹೇಳಲು ಹಲ್ಲಣ್ಣ ಬಾಯಿ ತೆರೆದ. ಗೀಟಿನ ಮೇಲೆ ಕಾಯುತ್ತಿದ್ದ ಬೆರಳನ್ನು ನೋಡಿ ಮುಚ್ಚಿದ. ಎದ್ದುಹೋಗಿ ಕೂದಲಿನಷ್ಟು ತೆಳುವಾದ ಗರಗಸ ತಂದ. ಫೋಟೋ ಗೋಡೆಯ ಮೇಲಿತ್ತು, ಪುಸ್ತಕ ಬೆಂಚಿನ ಮೇಲಿತ್ತು. ಎರಡನ್ನೂ ತಿರುಗಿ ನೋಡದೆ ಅಮ್ಮನ ಎದುರು ನೆಲದ ಮೇಲೆ ಕೂತ.

"ನೀನು ಯಾವ ಕಡೆಯಿಂದ ಹತ್ತಿದ್ದೆ, ಅಮ್ಮ?"

"ಬಲಗಡೆಯಿಂದ. ಸ್ಟೀರಿಂಗು ಎಡಗಡೆ ಇತ್ತು."

ಹಲ್ಲಣ್ಣ ಬಲಗಡೆಯಿಂದ ಕೊಯ್ಯತೊಡಗಿದ.