ದೂಧಗಂಗಾ ಹಿಂದಕ್ಕೆ ಹರಿದ ಬೆಳಿಗ್ಗೆ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಇಬ್ರಾಹಿಮ ಜಮಾದಾರ ಮೊಣಕಾಲುದ್ದ ನೀರಿನಲ್ಲಿ ನಿಂತು ಕಂಬ ನೋಡುತ್ತಾರೆ, ಗಡಿಯಾರ ನೋಡುತ್ತಾರೆ, ಮತ್ತೆ ಕಂಬ ನೋಡುತ್ತಾರೆ. ಹೊಳೆಯ ಏರಿಳಿತ ಅಳೆಯುವ ಕರಿ-ಬಿಳಿ ಗೆರೆಗಳ ಕಂಬವದು. ಆರಕ್ಕೆ ಸರಿಯಾಗಿ ಓದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಿನ್ನೆ ಸಂಜೆಗಿಂತ ನಲವತ್ತು ಸೆಂಟಿಮೀಟರ್ ಹೆಚ್ಚು. ಮೇಲೆ ನೋಡಿದರೆ ಆಕಾಶ ತೊಳೆದಿಟ್ಟಷ್ಟು ಸ್ವಚ್ಛ.

"ಮಳಿ ಇಲ್ಲ, ಏನಿಲ್ಲ. ಯಾಕ ಏರಾಕತ್ತೈತ್ರೀ ಇದು?" ಎಂದು ನನ್ನನ್ನೇ ಕೇಳುತ್ತಾರೆ. ಪತ್ರಿಕೆಯಿಂದ ಬಂದ ನನಗೇನು ಗೊತ್ತು, ಮಣ್ಣು!

ಇದು ೧೯೯೪ರ ಜುಲೈ. ಚಿಕ್ಕೋಡಿ ತಾಲೂಕಿನ ಈ ಊರಿನಿಂದ ಮೂರು ಮೈಲಿ ಕೆಳಗೆ ದೂಧಗಂಗಾ ಕೃಷ್ಣೆಯನ್ನು ಕೂಡುತ್ತದೆ. ಇಬ್ರಾಹಿಮರ ಕೆಲಸ ಇಷ್ಟೇ: ಮಳೆಗಾಲದಲ್ಲಿ ಮೂರು ತಾಸಿಗೊಮ್ಮೆ ನೀರು ಅಳೆಯುವುದು, ನಾಲ್ಕು ಮೈಲಿ ಸೈಕಲ್ ತುಳಿದು ಅಂಚೆ ಕಚೇರಿಯ ಫೋನಿನಲ್ಲಿ ಅಂಕಿ ಹೇಳುವುದು. ಹದಿನೆಂಟು ವರ್ಷ ಆಯಿತು, ಇನ್ನೂ ಕಾಯಂ ಆಗಿಲ್ಲ. ಊರಿನವರಿಗೆ ಅವರು 'ಕಂಬದ ಇಬ್ರಾಹಿಮ', ಅಷ್ಟೇ.

ಓದಿದ್ದು ನಾಲ್ಕನೇ ಇಯತ್ತೆ. ಆದರೆ ಹೊಳೆಗಳ ಸಂಬಂಧ ಕೇಳಿ, ಬೀಗರ ಮನೆತನ ಹೇಳಿದ ಹಾಗೆ ಹೇಳುತ್ತಾರೆ. "ವೇದಗಂಗಾ ಭೋಜದ ಹತ್ರ ದೂಧಗಂಗಾಕ್ಕ ಕೂಡ್ತಾಳ್ರಿ. ದೂಧಗಂಗಾ ಮುಂದ ಕೃಷ್ಣಿಗೆ. ಪಂಚಗಂಗಾ ಕೊಲ್ಹಾಪುರದ ಕಡಿಂದ ಬಂದು ಮದಲಽ ಕೃಷ್ಣಿಗೆ ಕೂಡಿರ್ತಾಳ. ಎಲ್ಲಾರಕಿಂತ ದೊಡ್ಡಾಕಿ ಕೃಷ್ಣಿ. ಆಕಿ ತುಂಬಿದ್ಲಂದ್ರ ಸಣ್ಣಾಕಿಗೆ ಬಾಗಲಾ ತಗಿಯಂಗಿಲ್ಲ."

ಹಾಗಾದರೆ ಹೊಳೆದಂಡೆಯ ಕುಂಬಾರ ಓಣಿಗೆ ಈಗಲೇ ಹೇಳಬಾರದೇಕೆ? ಕೇಳಿದ್ದೇ ತಪ್ಪಾಯಿತು. ಅವರು ಬೀಡಿ ಹಚ್ಚುತ್ತಾರೆ, ಎರಡು ದಮ್ಮು ಎಳೆದು ಎಸೆಯುತ್ತಾರೆ. ಹೋದ ವರ್ಷ ಇಷ್ಟೇ ನೀರು ಏರಿದಾಗ ಓಣಿಯ ಮೂವತ್ತು ಮನೆ ಖಾಲಿ ಮಾಡಿಸಿದ್ದರು. ನೀರು ಬರಲೇ ಇಲ್ಲ. ಅವಸರದಲ್ಲಿ ಸಾಗಿಸಿದ ಹಸಿ ಗಡಿಗೆಗಳೆಲ್ಲ ಒಡೆದವು. "ತಪ್ಪು ನಂದರೀ. ಆವತ್ತು ಕೃಷ್ಣಿ ಇಳದಿದ್ಲು, ನಮ್ಮ ನೀರು ಸರಳ ಹೋತು. ನಾ ಬರೇ ಕಂಬ ನೋಡಿದ್ಯಾ. ಈಗ ಯಾವ ಮಾರಿ ಹೊತ್ಕೊಂಡು ಹೇಳ್ಲಿ?"

ಆದರೂ ಕಾಲು ನಿಲ್ಲುವುದಿಲ್ಲ. ಓಣಿಗೆ ಹೊರಡುತ್ತಾರೆ. ನಾನೂ ಹಿಂದೆ ಓಡುತ್ತೇನೆ.

ಓಣಿಯಲ್ಲಿ ಸಂಭ್ರಮವೋ ಸಂಭ್ರಮ. ನಿನ್ನೆ ಸಂಜೆ ಹೆಂಗಸರು ಹೊಸ ನೀರಿಗೆ ಉಡಿ ತುಂಬಿ, ಹಸಿರು ರವಿಕೆಯ ಖಣ ಕಟ್ಟಿದ ತೆಂಗಿನಕಾಯಿ ಬಿಟ್ಟಿದ್ದರು. ಈಗ ಅದೇ ಕಾಯಿ ಓಣಿಯ ಅಂಚಿಗೆ ಬಂದು ನಿಂತಿದೆ. ಅರವತ್ತು ದಾಟಿದ ರುಕ್ಮವ್ವ ಅದಕ್ಕೆ ಅರಿಷಿಣ ಕುಂಕುಮ ಹಚ್ಚುತ್ತಿದ್ದಾಳೆ.

"ಎವ್ವಾ, ನೀರು ಏರಾಕತ್ತೈತಿ. ಮನಿ ಬಿಡ್ರಿ."

"ಬಂದ್ಯಾ ಕಂಬದ ಶಾಣ್ಯಾ! ಹ್ವಾದ ವರ್ಷದ ಗಡಿಗಿ ಸಾಕಾಗಿಲ್ಲೇನಲೇ? ಗಂಗವ್ವನಽ ಪ್ರಸಾದ ಕೊಟ್ಟಾಳ, ಏನೂ ಆಗಂಗಿಲ್ಲ ಹೋಗು!" ಸುತ್ತಲಿನವರು ನಗುತ್ತಾರೆ.

ಇಬ್ರಾಹಿಮ ಕಾಯಿಯನ್ನೇ ದಿಟ್ಟಿಸುತ್ತಾರೆ. "ಇದನ್ನ ಎಲ್ಲಿ ಬಿಟ್ಟಿದ್ರಿ?"

"ಗುಡಿ ಪಾವಟಿಗಿ ಮ್ಯಾಲ. ಮತ್ತೆಲ್ಲಿ?" ರುಕ್ಮವ್ವ ಹೊಳೆದಂಡೆಯ ಗುಡಿಯ ಮೆಟ್ಟಿಲು ತೋರಿಸುತ್ತಾಳೆ.

"ಗುಡಿ ಹರಿವಿನ ಕೆಳಗೈತಿ, ಓಣಿ ಮ್ಯಾಲೈತಿ. ಕಾಯಿ ಹೊಳಿ ಏರಿ ಹ್ಯಾಂಗ ಬಂತು, ಎವ್ವಾ?"

ನಗು ನಿಲ್ಲುತ್ತದೆ. ರುಕ್ಮವ್ವ ಗುಡಿಯ ಕಡೆ ನೋಡುತ್ತಾಳೆ, ನೀರಿನ ಕಡೆ ನೋಡುತ್ತಾಳೆ. ಕಸಕಡ್ಡಿ, ನೊರೆ ಎಲ್ಲ ಮೆಲ್ಲಗೆ ಮೇಲ್ಮುಖವಾಗಿ ತೇಲುತ್ತಿವೆ. "ಕೃಷ್ಣಿ ದಬ್ಬಾಕತ್ತಾಳ. ಘಟ್ಟದಾಗ ಮಳಿ ಹೊಡದೈತಿ," ಎನ್ನುತ್ತಾರೆ ಇಬ್ರಾಹಿಮ.

ಆಮೇಲೆ ಯಾರೂ ವಾದ ಮಾಡುವುದಿಲ್ಲ. ಕೂಸು, ಕುರಿ, ಕಾಳಿನ ಚೀಲ, ಗಡಿಗೆ ತಿರುವುವ ತಿಗರಿ ಎಲ್ಲವೂ ದಿಬ್ಬದ ಶಾಲೆಗೆ ಏರುತ್ತವೆ. ಸುಡಲು ಪೇರಿಸಿಟ್ಟ ಹಸಿ ಗಡಿಗೆಗಳ ಆವಿಗೆಯನ್ನು ಮಾತ್ರ ಹೊರಲಾಗದು. ರುಕ್ಮವ್ವ ಅದನ್ನು ಒಮ್ಮೆ ಮುಟ್ಟಿ, ಕಣ್ಣೊರೆಸಿಕೊಂಡು ನಡೆಯುತ್ತಾಳೆ.

ಮಧ್ಯಾಹ್ನ ಎರಡಕ್ಕೆ ಓಣಿಯಲ್ಲಿ ಎದೆಮಟ್ಟದ ನೀರು. ಆವಿಗೆ ಕರಗಿ ಹೋಗಿದೆ. ಜನ ಮಾತ್ರ ಒಬ್ಬರೂ ಕಡಿಮೆಯಿಲ್ಲ. ಬಿಸಿಲು ಇನ್ನೂ ಸುಡುತ್ತಲೇ ಇದೆ.

ಮೂರರ ಅಳತೆ ಮುಗಿಸಿ, ಫೋನು ಮಾಡಲು ಇಬ್ರಾಹಿಮ ಸೈಕಲ್ ಹಿಡಿದು ಶಾಲೆಯ ಮುಂದೆ ಹಾಯುತ್ತಾರೆ. ಜಗಲಿಯ ಮೇಲಿಂದ ರುಕ್ಮವ್ವ ಕೂಗುತ್ತಾಳೆ: "ತಮ್ಮಾ ಇಬ್ರಾಹಿಮಾ, ಈಗೆಷ್ಟೈತೋ?"

ಅವರು ಸೈಕಲ್ ನಿಲ್ಲಿಸಿ, ಪುಸ್ತಕ ತೆಗೆದು, ಕಚೇರಿಗೆ ಹೇಳುವ ಅಂಕಿಯನ್ನು ಒಂದೊಂದಾಗಿ ಆಕೆಗೆ ಓದಿ ಹೇಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಹದಿನೆಂಟ ವರ್ಷದಾಗ ಊರವ್ರು ಕೇಳಿದ್ದು ಇದಽ ಮದಲರೀ," ಎಂದು ಪೆಡಲು ತುಳಿಯುತ್ತಾರೆ.